ಫಿಸಿಯೋಥೆರಪಿ ನಡೆಯುತ್ತಿರುವಾಗ ರಿಹ್ಯಾಬ್ ಡಾಕ್ಟರ್ ಯಾಕೆ? ಅವರು ಬಾತ್‌ರೂಮ್ ಬಗ್ಗೆ ಯಾಕೆ ಕೇಳುತ್ತಾರೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ತಂದೆಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಗಿದೆ, ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಫಿಸಿಯೋಥೆರಪಿ ಆಗಲೇ ನಡೆಯುತ್ತಿದೆ. ಈಗ ರಿಹ್ಯಾಬಿಲಿಟೇಷನ್ ಮೆಡಿಸಿನ್ ವಿಭಾಗಕ್ಕೆ ಕಳಿಸಿದ್ದಾರೆ. ಅಲ್ಲಿನ ಡಾಕ್ಟರ್ ಸ್ಕ್ಯಾನ್ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಬಾತ್‌ರೂಮ್ ಬಾಗಿಲು, ಮೆಟ್ಟಿಲು, ತಂದೆಯ ಹಳೇ ಕೆಲಸ ಇವುಗಳ ಬಗ್ಗೆಯೇ ಕೇಳಿದರು. ಓದಲು ಹೋದರೆ ಮೆಡಿಕಲ್ ಮಾಡೆಲ್, ಸೋಶಿಯಲ್ ಮಾಡೆಲ್, ಐಸಿಎಫ್ (ಅಂಗವೈಕಲ್ಯವನ್ನು ವಿವರಿಸಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಚೌಕಟ್ಟು) ಅಂತೆಲ್ಲ ಬಂದು ಗೊಂದಲವಾಗಿದೆ. ಅದರ ಮೇಲೆ, ಆರು ತಿಂಗಳು ಕಳೆದರೆ ಮತ್ತೇನೂ ಸುಧಾರಿಸಲ್ಲ ಅಂತ ಯಾರೋ ಹೇಳಿದ್ದಾರೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಸ್ಟ್ರೋಕ್ ಆದವರ, ಬೆನ್ನುಹುರಿಗೆ ಪೆಟ್ಟಾದವರ ಜೊತೆ ಕೆಲಸ ಮಾಡುತ್ತೇನೆ. ಆ ಡಾಕ್ಟರ್ ಕೇಳಿದ ಪ್ರಶ್ನೆಗಳು ಸುಮ್ನೆ ಮಾತಿಗೆ ಕೇಳಿದವಲ್ಲ. ಅದೇ ಅವರ ಪರೀಕ್ಷೆ.

ಬೇರೆ ವಿಭಾಗಗಳಲ್ಲಿ ಮೊದಲು ನೋಡುವುದು ರೋಗವನ್ನು. ಎಲ್ಲಿದೆ, ಏನು ಕಾರಣ, ಹೇಗೆ ತಡೆಯುವುದು. ನಿಮ್ಮ ತಂದೆಗೆ ಆ ಕೆಲಸ ಬಹುಪಾಲು ಆಗಿದೆ. ಇನ್ನೊಂದು ಸ್ಟ್ರೋಕ್ ಬಾರದಂತೆ ಮಾತ್ರೆಗಳು ನಡೆಯುತ್ತಿರಬಹುದು, ಅವನ್ನು ಬಿಡಬೇಡಿ. ರಿಹ್ಯಾಬ್‌ನಲ್ಲಿ ಕೇಳುವುದು ಬೇರೆ: ಈ ಮನುಷ್ಯ ದಿನವಿಡೀ ಏನೇನು ಮಾಡಬೇಕು, ಏನು ಮಾಡಲು ಇಷ್ಟಪಡುತ್ತಾರೆ, ಅದರಲ್ಲಿ ಯಾವುದು ಈಗ ಆಗುತ್ತಿಲ್ಲ, ಏನು ಅಡ್ಡ ಬರುತ್ತಿದೆ? ಅಡ್ಡ ಬರುತ್ತಿರುವುದು ಕೈಯ ಬಿಗಿತ ಇರಬಹುದು, ಮನಸ್ಸಿನ ಕುಗ್ಗು ಇರಬಹುದು, ಬಾಗಿಲಿನ ಹೊಸ್ತಿಲೂ ಇರಬಹುದು. ಮೂರಕ್ಕೂ ಅಲ್ಲಿ ಕೆಲಸ ಆಗಬೇಕು.

ಹಾಗಾಗಿ ಫಿಸಿಯೋಥೆರಪಿ ಇದರ ಒಂದು ಭಾಗ, ದೊಡ್ಡ ಭಾಗವೇ. ಆದರೆ ಅಷ್ಟೇ ಅಲ್ಲ. ಫಿಸಿಯೋಥೆರಪಿಸ್ಟ್ ನಿಲ್ಲುವುದು, ನಡೆಯುವುದು, ಬ್ಯಾಲೆನ್ಸ್ ಇವುಗಳ ಮೇಲೆ ಕೆಲಸ ಮಾಡುತ್ತಾರೆ. ನನ್ನಂಥವರು ಸ್ನಾನ, ಬಟ್ಟೆ, ಊಟ, ಬರವಣಿಗೆ, ವಾಪಸ್ ಕೆಲಸಕ್ಕೆ ಹೋಗುವುದು ಇವನ್ನು ನೋಡುತ್ತೇವೆ. ಸ್ಪೀಚ್ ಥೆರಪಿಸ್ಟ್ ಮಾತಿನ ಜೊತೆಗೆ ನುಂಗುವುದನ್ನೂ ನೋಡುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸ್ಟ್ರೋಕ್ ಆದ ಮೇಲೆ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯವಿದೆ. ಕುಡಿಯುವಾಗ ಕೆಮ್ಮು ಬರುತ್ತಿದ್ದರೆ, ದನಿ ಒದ್ದೆಯಾದಂತೆ ಕೇಳಿಸಿದರೆ ತಕ್ಷಣ ಹೇಳಿ. ರಿಹ್ಯಾಬ್ ಡಾಕ್ಟರ್ ಮೂತ್ರದ ತೊಂದರೆ, ಭುಜದ ನೋವು, ಸ್ನಾಯುಗಳ ಬಿಗಿತಕ್ಕೆ ಔಷಧ ಅಥವಾ ಬೊಟುಲಿನಮ್ ಇಂಜೆಕ್ಷನ್, ಖಿನ್ನತೆ ಎಲ್ಲವನ್ನೂ ನೋಡಿಕೊಂಡು ಈ ತಂಡವನ್ನು ಒಂದು ಗುರಿಯ ಕಡೆ ನಡೆಸುತ್ತಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ತಂದೆ ವ್ಯಾಯಾಮ ಮಾಡಲು ಒಪ್ಪುತ್ತಿಲ್ಲ ಅಂದರೆ ಹಟ ಅಂದುಕೊಳ್ಳಬೇಡಿ. ಇದೂ ಕಾರಣ ಇರಬಹುದು.

ಈ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಅಂಗಿ ಹಾಕಿಕೊಳ್ಳುವುದನ್ನೇ ನೋಡಿ. ನಾನು ಮೊದಲು ಕೈಗಳಿಲ್ಲದ ಕುರ್ಚಿಯ ಬದಲು ಕೈಗಳಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸುತ್ತೇನೆ, ಪಾದ ಎರಡೂ ನೆಲಕ್ಕೆ ಊರಬೇಕು. ಅಂಗಿಯನ್ನು ತೊಡೆಯ ಮೇಲೆ ಹರಡುತ್ತೇವೆ, ಕಾಲರ್ ಮಂಡಿಯ ಕಡೆಗೆ, ಒಳಭಾಗ ಮೇಲೆ. ಎಡಗೈಯಿಂದ ಬಲಗೈಯನ್ನು ಎತ್ತಿ ಅಂಗಿಯ ಬಲ ತೋಳಿನೊಳಗೆ ಇಳಿಸಬೇಕು, ಬೆರಳು ಹೊರಗೆ ಕಾಣುವ ತನಕ. ಆಮೇಲೆ ತೋಳನ್ನು ಮೊಣಕೈ ದಾಟಿಸಿ ಭುಜದವರೆಗೆ ಎಳೆದುಕೊಳ್ಳಬೇಕು. ಇಲ್ಲಿ ಅವಸರ ಮಾಡಿದರೆ ಅಂಗಿ ಬೆನ್ನ ಹಿಂದೆ ಸಿಕ್ಕಿಕೊಳ್ಳುತ್ತದೆ. ಭುಜಕ್ಕೆ ಬಂದ ಮೇಲೆ ಕಾಲರ್ ಹಿಡಿದು ಬೆನ್ನ ಹಿಂದಿನಿಂದ ಸುತ್ತಿಸಿ, ಕೊನೆಗೆ ಒಳ್ಳೆಯ ಕೈ ಹಾಕಬೇಕು. ಬಿಚ್ಚುವಾಗ ಇದರ ತಿರುಗುಮುರುಗು: ಒಳ್ಳೆಯ ಕೈ ಮೊದಲು, ಸೋತ ಕೈ ಕೊನೆಗೆ. ಮೊದಮೊದಲು ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತದೆ. ಮನೆಯವರು ಪಕ್ಕದಲ್ಲಿ ನಿಂತು ನೋಡಲಾರದೆ ಕೈ ಹಾಕಿ ತೊಡಿಸಿಬಿಡುತ್ತಾರೆ. ದಯವಿಟ್ಟು ಕಾಯಿರಿ. ಕೈಗೆ ಇನ್ನೂ ಒಂದಿಷ್ಟೂ ಶಕ್ತಿ ಬಂದಿರುವುದಿಲ್ಲ, ಆದರೂ ಮನುಷ್ಯ ತಾನೇ ಬಟ್ಟೆ ಹಾಕಿಕೊಂಡಿರುತ್ತಾರೆ. ಈ ವೈದ್ಯಶಾಸ್ತ್ರದ ಮುಖ್ಯ ವಿಷಯ ಇದರಲ್ಲೇ ಇದೆ: ದೇಹದ ಕೊರತೆ ಬೇರೆ, ಆ ಕೊರತೆಯಿಂದ ಕೆಲಸ ನಿಲ್ಲುವುದು ಬೇರೆ. ಮೊದಲನೆಯದು ಇದ್ದೂ ಎರಡನೆಯದು ಇಲ್ಲದಂತೆ ಮಾಡಲು ಎಷ್ಟೋ ಸಲ ಸಾಧ್ಯ.

ಇಲ್ಲೇ ಇನ್ನೊಂದು ಮಾತು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಲೂಬೇಡಿ. ಸ್ನಾಯುಗಳ ಹಿಡಿತ ಇಲ್ಲದ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಆಮೇಲೆ ಬರುವ ನೋವು ತಿಂಗಳುಗಟ್ಟಲೆ ಕಾಡುತ್ತದೆ.

ಈಗ ಮಾಡೆಲ್‌ಗಳಿಗೆ, ಅಂದರೆ ಅಂಗವೈಕಲ್ಯವನ್ನು ನೋಡುವ ಬೇರೆ ಬೇರೆ ರೀತಿಗಳಿಗೆ ಬರೋಣ. ಇವು ಬರೀ ಪರೀಕ್ಷೆಗೆ ಓದುವ ವಿಷಯ ಅನಿಸಬಹುದು. ಆದರೆ ತೊಂದರೆ ಎಲ್ಲಿದೆ ಅಂತ ನಾವು ಅಂದುಕೊಳ್ಳುತ್ತೇವೋ ಅಲ್ಲೇ ದುಡ್ಡು, ಸಮಯ, ಶ್ರಮ ಹಾಕುತ್ತೇವೆ. ಆ ಕಾರಣಕ್ಕೆ ಇವು ಮುಖ್ಯ.

ಎಲ್ಲಕ್ಕಿಂತ ಹಳೆಯದು ಕರುಣೆಯ ನೋಟ: ಪಾಪ, ಇವರಿಗೆ ಏನಾದರೂ ಕೊಡೋಣ. ಸಹಾಯ ಸಿಗುತ್ತದೆ, ಆದರೆ ಕೊಡುವವರ ಮನಸ್ಸಿದ್ದರೆ ಮಾತ್ರ.

ಮೆಡಿಕಲ್ ಮಾಡೆಲ್ ಪ್ರಕಾರ ತೊಂದರೆ ದೇಹದಲ್ಲಿದೆ, ಅದನ್ನು ಸರಿಪಡಿಸಬೇಕು. ಇದನ್ನು ಬೈಯುವುದು ಈಗ ಸುಲಭ. ನನಗೆ ಅದು ಸರಿ ಅನಿಸುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಮುರಿದವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಅವರ ಜೀವ ತೆಗೆಯುತ್ತಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ನರರೋಗ ತಜ್ಞರು ಇಂಥವರಿಗೆಂದೇ ವಿಭಾಗ ಶುರು ಮಾಡಿದರು. ಹಗಲು ರಾತ್ರಿ ಎನ್ನದೆ ಪ್ರತಿ 2 ಗಂಟೆಗೆ ಮಗ್ಗುಲು ಬದಲಿಸಬೇಕು ಅಂತ ಪಟ್ಟು ಹಿಡಿದರು. ಜನ ಬದುಕಿದರು. ಬದುಕಿದವರನ್ನು ಅವರು ಸುಮ್ಮನೆ ಮಲಗಲು ಬಿಡಲಿಲ್ಲ. ಕೆಲಸ ಕಲಿಸಿದರು, ಆಟ ಆಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ವೀಲ್‌ಚೇರ್‌ನಲ್ಲಿ ಕೂತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಈಗಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ದೇಹವನ್ನು ಅಷ್ಟು ಜತನ ಮಾಡದಿದ್ದರೆ ಮುಂದಿನದ್ಯಾವುದೂ ಇರುತ್ತಿರಲಿಲ್ಲ ಅಲ್ವಾ?

ಆದರೆ ದೇಹವನ್ನೇ ನೋಡುತ್ತಾ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಎಡ್ ರಾಬರ್ಟ್ಸ್ ಅವರ ಬದುಕು ನೋಡಿ. ಅಮೆರಿಕದ ಈ ಹುಡುಗನಿಗೆ 14ನೇ ವಯಸ್ಸಿನಲ್ಲಿ ಪೋಲಿಯೋ ಬಂತು. ಕತ್ತಿನ ಕೆಳಗೆ ಹೆಚ್ಚುಕಡಿಮೆ ಏನೂ ಆಡದು. ರಾತ್ರಿ ಉಸಿರಾಟಕ್ಕೆ ಕಬ್ಬಿಣದ ಯಂತ್ರದೊಳಗೆ ಮಲಗಬೇಕು. ಕಾಲೇಜಿಗೆ ಸಹಾಯ ಕೇಳಿದಾಗ ಕ್ಯಾಲಿಫೋರ್ನಿಯಾದ ಪುನರ್ವಸತಿ (ರಿಹ್ಯಾಬ್) ಇಲಾಖೆ, ಇಷ್ಟು ತೀವ್ರ ಅಂಗವೈಕಲ್ಯ ಇರುವವರು ಮುಂದೆ ಕೆಲಸ ಮಾಡಲಾರರು ಅಂತ ಮೊದಲು ನಿರಾಕರಿಸಿತು. ಅವರು ಹೋರಾಡಿ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಆ ಯಂತ್ರ ಇಡಲು ಜಾಗ ಬೇಕಲ್ಲ, ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ವಾಸ. 1972ರಲ್ಲಿ ಅದೇ ಊರಿನಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಅದರ ಹಿಂದೆ ಇದ್ದವರಲ್ಲಿ ಇವರು ಪ್ರಮುಖರು. 1975ರಲ್ಲಿ, ತನಗೆ ಇಲ್ಲ ಅಂದಿದ್ದ ಇಲಾಖೆಗೇ ಅವರು ನಿರ್ದೇಶಕರಾದರು. ಕೈಕಾಲಿನ ಸ್ಥಿತಿ ಮೊದಲು ಹೇಗಿತ್ತೋ ಹಾಗೇ ಇತ್ತು. ಬದಲಾದದ್ದು ಸುತ್ತಲಿನ ಏರ್ಪಾಡು: ವಿದ್ಯುತ್ ವೀಲ್‌ಚೇರ್, ಸಹಾಯಕರು, ಒಳಗೆ ಬಿಟ್ಟುಕೊಂಡ ಕಾಲೇಜು.

ಸೋಶಿಯಲ್ ಮಾಡೆಲ್ ಹೇಳುವುದು ಇದನ್ನೇ. 1976ರಲ್ಲಿ ಬ್ರಿಟನ್ನಿನ ಅಂಗವಿಕಲರ ಒಂದು ಸಂಘಟನೆ ಇದನ್ನು ಖಡಾಖಂಡಿತವಾಗಿ ಬರೆದಿಟ್ಟಿತು. ಕಾಲು ನಡೆಯದಿರುವುದು ದೇಹದ ಸ್ಥಿತಿ. ಮೆಟ್ಟಿಲು ಮಾತ್ರ ಇರುವ ಕಟ್ಟಡ ಕಟ್ಟಿ ಅವರನ್ನು ಹೊರಗಿಟ್ಟದ್ದು ಸಮಾಜ. ಮೈಕ್ ಆಲಿವರ್ ಎಂಬ ಸಮಾಜಶಾಸ್ತ್ರಜ್ಞರು 1983ರಲ್ಲಿ ಇದಕ್ಕೆ ಸೋಶಿಯಲ್ ಮಾಡೆಲ್ ಅಂತ ಹೆಸರು ಕೊಟ್ಟರು. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಹಿಂದೆಯೂ ಈ ಯೋಚನೆ ಇದೆ. ರಿಹ್ಯಾಬ್ ಸೇವೆ ಒದಗಿಸುವುದು ಸರ್ಕಾರಗಳ ಜವಾಬ್ದಾರಿ ಅಂತ ಅದರ 26ನೇ ವಿಧಿ ಹೇಳುತ್ತದೆ.

ಇದರಲ್ಲೂ ಒಂದು ಕೊರತೆ ಉಂಟು. ಎಷ್ಟೇ ರ‍್ಯಾಂಪ್ ಕಟ್ಟಿದರೂ ಭುಜದ ನೋವು ಹೋಗದು, ಸ್ಟ್ರೋಕ್ ನಂತರದ ಸುಸ್ತು ಹೋಗದು. ಹಾಸಿಗೆಯಲ್ಲಿ ನರಳುತ್ತಿರುವವರಿಗೆ ನಿಮ್ಮ ತೊಂದರೆ ಸಮಾಜದಲ್ಲಿದೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಸೇರಿಸಲು ಪ್ರಯತ್ನಿಸಿತು. 1980ರ ಅದರ ಮೊದಲ ಚೌಕಟ್ಟಿನಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ನಿಮ್ಮ ತಂದೆಯ ಲೆಕ್ಕದಲ್ಲಿ ಹೇಳುವುದಾದರೆ: ಮಿದುಳಿಗೆ ಪೆಟ್ಟು, ಅದರಿಂದ ಕೈ ಸೋತಿತು, ಅದರಿಂದ ಬರೆಯಲು ಆಗದು, ಅದರಿಂದ ಕೆಲಸ ಹೋಯಿತು. 2001ರಲ್ಲಿ ಬಂದ ಐಸಿಎಫ್‌ನಲ್ಲಿ ಬಾಣಗಳು ಎರಡೂ ಕಡೆಗೆ ಓಡುತ್ತವೆ. ದೇಹದ ಭಾಗಗಳು ಹೇಗೆ ಕೆಲಸ ಮಾಡುತ್ತಿವೆ, ಮನುಷ್ಯ ಯಾವ ಚಟುವಟಿಕೆ ಮಾಡಬಲ್ಲ, ಮನೆ, ಕೆಲಸ, ಊರಿನ ಬದುಕಿನಲ್ಲಿ ಎಷ್ಟು ಪಾಲ್ಗೊಳ್ಳುತ್ತಿದ್ದಾನೆ — ಈ ಮೂರನ್ನು ಒಟ್ಟಿಗೆ ನೋಡುತ್ತಾರೆ. ಇವುಗಳ ಸುತ್ತ ಪರಿಸರ ಮತ್ತು ಆ ವ್ಯಕ್ತಿಯ ವಯಸ್ಸು, ಸ್ವಭಾವ, ಅನುಭವ ಇರುತ್ತವೆ. ಬಾಣ ಹಿಂದಕ್ಕೂ ಓಡುವುದನ್ನು ನಾವು ದಿನಾ ನೋಡುತ್ತೇವೆ. ನಾಚಿಕೆಯಿಂದ ಹೊರಗೆ ಹೋಗುವುದನ್ನು ಬಿಟ್ಟವರ ಕಾಲು ಇನ್ನಷ್ಟು ಸೊರಗುತ್ತದೆ.

ಐಸಿಎಫ್‌ನಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬರುವುದು ಒಂದು ವ್ಯತ್ಯಾಸ. ಅನುಕೂಲಗಳೆಲ್ಲ ಒಂದೇ ತೆರನಾಗಿರುವ ಜಾಗದಲ್ಲಿ ವ್ಯಕ್ತಿ ಏನು ಮಾಡಬಲ್ಲ ಅನ್ನುವುದು ಒಂದು. ತನ್ನ ನಿಜವಾದ ಜಾಗದಲ್ಲಿ ಏನು ಮಾಡುತ್ತಾನೆ ಅನ್ನುವುದು ಇನ್ನೊಂದು. ಥೆರಪಿ ಹಾಲ್‌ನ ಸಪಾಟು ನೆಲದಲ್ಲಿ ಕೋಲು ಹಿಡಿದು ಚೆನ್ನಾಗಿ ನಡೆದವರು ಮನೆಗೆ ಹೋಗಿ ವಾರಗಟ್ಟಲೆ ಮಂಚ ಬಿಟ್ಟು ಇಳಿದಿರುವುದಿಲ್ಲ. ಕೇಳಿದರೆ ಬಾತ್‌ರೂಮ್ ನೆಲ ಜಾರುತ್ತದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಇಂಥವರಿಗೆ ಇನ್ನಷ್ಟು ವ್ಯಾಯಾಮ ಹೇಳಿ ಏನು ಪ್ರಯೋಜನ? ಡಾಕ್ಟರ್ ಬಾಗಿಲಿನ ಅಗಲ ಕೇಳಿದ್ದು ಇದಕ್ಕೇ. ವೀಲ್‌ಚೇರ್ ಆರಾಮಾಗಿ ಹೋಗಲು ಸುಮಾರು 80 ಸೆಂಟಿಮೀಟರ್ ತೆರಪು ಬೇಕು. ರ‍್ಯಾಂಪ್ ಕಟ್ಟಿಸುವುದಾದರೆ ಸಾಮಾನ್ಯವಾಗಿ 1ಕ್ಕೆ 12ರ ಲೆಕ್ಕ: 50 ಸೆಂಟಿಮೀಟರ್ ಎತ್ತರಕ್ಕೆ 6 ಮೀಟರ್ ಉದ್ದ. ಬಹಳ ಕಡೆ ಇದಕ್ಕಿಂತ ಕಡಿದಾಗಿ ಕಟ್ಟಿ, ಯಾರೂ ಹತ್ತಲಾಗದೆ ಹಾಗೇ ಬಿಟ್ಟಿರುತ್ತಾರೆ.

ನಿಮ್ಮ ತಂದೆಯ ಫೈಲ್‌ನಲ್ಲಿ ಬಾರ್ಥೆಲ್ ಸ್ಕೋರ್ ಅಂತ ಕಾಣಿಸಬಹುದು. 1965ರಿಂದ ಬಳಕೆಯಲ್ಲಿರುವ ಅಳತೆ ಅದು. ಊಟ, ಸ್ನಾನ, ಮಲಮೂತ್ರದ ಹಿಡಿತ, ಮಂಚದಿಂದ ಕುರ್ಚಿಗೆ ಬರುವುದು, ನಡಿಗೆ ಹೀಗೆ 10 ವಿಷಯ, ಒಟ್ಟು 100 ಅಂಕ. ಸುಧಾರಣೆ ಗೊತ್ತಾಗಲು ಒಳ್ಳೆಯದು. ಆದರೆ 100 ಬಂದವರು ಒಬ್ಬರೇ ಮನೆ ನಡೆಸಬಲ್ಲರು ಅಂತ ಅರ್ಥವಲ್ಲ. ಅಡುಗೆ, ಹಣದ ವ್ಯವಹಾರ, ನಾಲ್ಕು ಜನರ ಜೊತೆ ಬೆರೆಯುವುದು ಇದರಲ್ಲಿ ಇಲ್ಲವೇ ಇಲ್ಲ.

ಇನ್ನು ಆರು ತಿಂಗಳ ವಿಷಯ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನ. ಇದು ನಿಜ. ಹಾಗಂತ ಒಂದು ದಿನ ಬಾಗಿಲು ಮುಚ್ಚಿಹೋಗುವುದಿಲ್ಲ. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರನ್ನು ತೆಗೆದುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಬಂತು. ಒಳ್ಳೆಯ ಕೈಗೆ ಗವಸು ಹಾಕಿ ಕಟ್ಟಿಹಾಕಿ, ಎರಡು ವಾರ ಸೋತ ಕೈಯಿಂದಲೇ ತೀವ್ರವಾಗಿ ಕೆಲಸ ಮಾಡಿಸಿದರು. ಕೈಯ ಬಳಕೆ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ನಂತರವೂ ಅದು ಉಳಿದಿತ್ತು. ಮಣಿಕಟ್ಟು, ಬೆರಳು ಒಂದಿಷ್ಟಾದರೂ ಆಡುವವರಿಗೆ ಮಾತ್ರ ಈ ವಿಧಾನ. ಹಾಗಾಗಿ ಮನೆಯಲ್ಲಿ ನೀವೇ ಮಾಡಿಸಲು ಹೋಗಬೇಡಿ, ಥೆರಪಿಸ್ಟ್‌ರನ್ನು ಕೇಳಿ. ಕೈ ಎಷ್ಟು ಮರಳಿದರೂ, ಮರಳದಿದ್ದರೂ, ಹೊಸ ರೀತಿ ಕಲಿಯುವುದು, ಸಾಧನ ಬಳಸುವುದು, ಮನೆ ಬದಲಿಸುವುದು ಇವಕ್ಕೆ ಆರು ತಿಂಗಳ ಗಡುವು ಇಲ್ಲ.

ಬೇಗ ಶುರು ಮಾಡಿದಷ್ಟೂ, ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2,104 ಮಂದಿ ಇದ್ದರು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಓಡಾಡಿಸಿದವರಿಗೆ, ಮಾಮೂಲಿ ಆರೈಕೆ ಸಿಕ್ಕವರಿಗಿಂತ ಮೂರು ತಿಂಗಳ ನಂತರ ಫಲಿತಾಂಶ ಸ್ವಲ್ಪ ಕಡಿಮೆಯೇ ಇತ್ತು. ನಿಮ್ಮ ತಂದೆ ಆ ಹಂತ ದಾಟಿದ್ದಾರೆ. ಆದರೂ ಸುಸ್ತಾದವರನ್ನು ಬಲವಂತದಿಂದ ದುಡಿಸಬೇಡಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ ಮಾಡಿಸಿ.

ಮುಂದಿನ ಸಲ ಹೋಗುವ ಮೊದಲು ತಂದೆಯನ್ನೇ ಕೇಳಿ, ಅವರಿಗೆ ಮತ್ತೆ ಮಾಡಲೇಬೇಕು ಅನಿಸುವ ಎರಡು ಮೂರು ಕೆಲಸ ಬರೆದುಕೊಂಡು ಹೋಗಿ. "ಕೈ ಸರಿಯಾಗಬೇಕು" ಅಂತಲ್ಲ. "ಯಾರ ಸಹಾಯ ಇಲ್ಲದೆ ರಾತ್ರಿ ಬಾತ್‌ರೂಮಿಗೆ ಹೋಗಬೇಕು", "ಬ್ಯಾಂಕಿನಲ್ಲಿ ಸಹಿ ಹಾಕಬೇಕು" ಈ ಥರ. ಬಲಗಡೆ ಸೋತಿರುವುದರಿಂದ ಮಾತಿಗೂ ತೊಂದರೆ ಆಗಿರಬಹುದು, ಸಾಮಾನ್ಯವಾಗಿ ಮಾತಿನ ಕೇಂದ್ರ ಇರುವುದು ಮಿದುಳಿನ ಎಡಭಾಗದಲ್ಲೇ. ಹಾಗಿದ್ದರೆ ಅವರ ಪರವಾಗಿ ನೀವೇ ಉತ್ತರ ಹೇಳಿಬಿಡಬೇಡಿ. ಹೌದು-ಇಲ್ಲ ಅನ್ನುವಂಥ ಚಿಕ್ಕ ಪ್ರಶ್ನೆ ಕೇಳಿ, ಚಿತ್ರ ತೋರಿಸಿ, ಉತ್ತರಕ್ಕೆ ಸಮಯ ಕೊಡಿ. ಇದನ್ನು ಮಾಡುವ ಕ್ರಮವನ್ನು ಸ್ಪೀಚ್ ಥೆರಪಿಸ್ಟ್ ನಿಮಗೆ ಕಲಿಸಿಕೊಡುತ್ತಾರೆ.