ಗಡ್ಡೆ ಅಂತ ದನ ಮಾರುವ ಮೊದಲು ಇಷ್ಟು ನೋಡಿ

ಬದಿಯಡ್ಕದ ಅಣ್ಣ, ನೀವು ಹಾಕಿದ ದನದ ಅಲ್ಟ್ರಾಸೌಂಡ್ ಸ್ಕ್ಯಾನ್ ಫೋಟೋ ನೋಡಿದೆ. ಲಿವರಲ್ಲಿ ಬೂದು ಉಂಡೆ, "ಒಳಗೆ ನೀರಿಲ್ಲ, ಹಾಗಾಗಿ ಕ್ಯಾನ್ಸರ್, ದನ ಕೊಡ್ತೇನೆ" ಅಂತ ಬರೆದಿದ್ದೀರಿ. ನಿಲ್ಲಿ ಮಾರಾಯ್ರೆ. ಬೂದು ಅಂದರೆ ಗಟ್ಟಿ ಅಂತ ಯಾರು ಹೇಳಿದ್ದು? ದನದ ಕೀವು ಮೊಸರಿನಷ್ಟು ದಪ್ಪ, ಸ್ಕ್ಯಾನಲ್ಲಿ ಮಾಂಸದ ಹಾಗೆಯೇ ಕಾಣ್ತದೆ. ದನಗಳಲ್ಲಿ ಲಿವರಿನ ಕುರು (ಕೀವು ತುಂಬಿದ ಉಂಡೆ) ಮಾಮೂಲು, ಗಡ್ಡೆ ಅಪರೂಪ.

ಫೋಟೋದಲ್ಲಿ ಇದು ತೀರ್ಮಾನ ಆಗುವುದಿಲ್ಲ, ವಿಡಿಯೋ ಬೇಕು. ಉಂಡೆ ಪರದೆಯಲ್ಲಿರುವಾಗಲೇ ಪಕ್ಕೆಲುಬಿನ ಸಂದಿಗೆ ಪ್ರೋಬನ್ನು (ಮಿಷನಿನ ಮೈಗೆ ಹಿಡಿಯುವ ತುದಿ) ಒತ್ತಿ ಬಿಡಿ, ಒತ್ತಿ ಬಿಡಿ. ಚುಕ್ಕಿಗಳು ತೇಲಿ ಸುತ್ತಿದರೆ ಕೀವು. ಸುತ್ತದಿದ್ದರೆ ಗಡ್ಡೆ ಅಂತಲ್ಲ, ಹೆಪ್ಪುಗಟ್ಟಿದ ಕೀವು ಅಲ್ಲಾಡುವುದೇ ಇಲ್ಲ. ಆಗ ಉಂಡೆಯ ಆಚೆಬದಿ ನೋಡಿ. ಅಲ್ಲಿನ ಲಿವರ್ ಅಕ್ಕಪಕ್ಕಕ್ಕಿಂತ ಬೆಳ್ಳಗಿದ್ದರೆ ಒಳಗೆ ದ್ರವ ಉಂಟು. ಡಾಪ್ಲರ್ (ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯ) ಇದ್ದರೆ ಹಾಕಿ: ಕುರುವಿನಲ್ಲಿ ರಕ್ತದ ಓಟ ಗೋಡೆಯಲ್ಲಿ ಮಾತ್ರ, ಗಡ್ಡೆಯಲ್ಲಿ ಸಾಮಾನ್ಯವಾಗಿ ಒಳಗೂ. ದನ ಏದುಸಿರು ಬಿಡ್ತಿದ್ದರೆ ಬಣ್ಣ ಸುಮ್ಮನೆ ಚೆಲ್ಲುತ್ತದೆ, ನಂಬಬೇಡಿ. ಹೊಸ ಕುರುವಿಗೆ ಕವಚವೂ ಕಟ್ಟಿರುವುದಿಲ್ಲ, ಅಂಚು ಕಲಸಿರ್ತದೆ. ನಡು ಕೊಳೆತ ಗಡ್ಡೆಯೂ ಥೇಟ್ ಕುರುವಿನ ಹಾಗೇ ಕಾಣ್ತದೆ. ಸಂಶಯವಿದ್ದರೆ 10-15 ದಿನ ಬಿಟ್ಟು ಅದೇ ಸಂದಿಯಲ್ಲಿ ಅಳೆಯಿರಿ. ರಕ್ತದಲ್ಲಿ ಗ್ಲಾಬ್ಯುಲಿನ್ (ಸೋಂಕಿದ್ದರೆ ಏರುವ ಪ್ರೋಟೀನ್), ಜಿಜಿಟಿ (ಲಿವರಿನ ಕಿಣ್ವ) ನೋಡಿಸಿ.

ಇನ್ನು ನೀವು ಹಿಡಿದ ಆ ಪ್ರೋಬ್! ಗಬ್ಬ ನೋಡುವ ರೆಕ್ಟಲ್ ಪ್ರೋಬಿಗೆ ಅಷ್ಟು ಆಳ ಎಟುಕುವುದಿಲ್ಲ. 3.5 ಮೆಗಾಹರ್ಟ್ಸಿನ ಕಾನ್ವೆಕ್ಸ್ (ಉಬ್ಬು ಮೂತಿಯ) ಪ್ರೋಬ್ ಬೇಕು. ಮಿಷನಿನ ಬ್ರಾಂಡಿಗೆ ದುಡ್ಡು ಸುರಿಯುವ ಬದಲು ಇದಕ್ಕೆ ಸುರಿಯಿರಿ. ಬಲಬದಿ, ಕೊನೆಯ ಅಂದರೆ 12ನೇ ಸಂದಿಯಿಂದ ಶುರುಮಾಡಿ ಮುಂದಕ್ಕೆ ಬನ್ನಿ. ಕೂದಲು ಬೋಳಿಸಿ, ಜೆಲ್ ಧಾರಾಳ ಹಾಕಿ. ತೆಂಗಿನೆಣ್ಣೆ ಬೇಡ, ಪ್ರೋಬಿನ ಮೂತಿ ಹಾಳಾಗ್ತದೆ. ಶ್ವಾಸಕೋಶದ ಮರೆಯಲ್ಲಿರುವ ಭಾಗ ಕಾಣುವುದೇ ಇಲ್ಲ, ಹಾಗಾಗಿ "ಸ್ಕ್ಯಾನ್ ಕ್ಲಿಯರ್" ಅಂತ ಖುಷಿಪಡುವ ಹಾಗೂ ಇಲ್ಲ.

ಅಲ್ಲೇ ದೊಡ್ಡ ರಕ್ತನಾಳ, ವೆನಕೇವವನ್ನೂ ನೋಡಿ. ಅಡ್ಡ ಕೊಯ್ದ ನೋಟದಲ್ಲಿ ತ್ರಿಕೋನ ಇರಬೇಕು. ಉರುಟಾಗಿದ್ದರೆ ರಕ್ತ ಕಟ್ಟಿಕೊಂಡಿರಬಹುದು. ಅಂಥ ದನದ ಮೂಗಲ್ಲಿ ರಕ್ತ ಬಂದರೆ ಉಳಿಯುವುದು ಕಷ್ಟ.

ಸೂಜಿ ಹಾಕಿ ಕೀವು ತೆಗೆಯುವುದು ಡಾಕ್ಟರ ಕೆಲಸ, ಅದೂ ಸ್ಕ್ಯಾನ್ ನೋಡಿಕೊಂಡೇ. ತೆಳು ಗೋಡೆಯ ಕಪ್ಪು ನೀರುಗುಳ್ಳೆ ಕಂಡರೆ ಚುಚ್ಚಲೇಬೇಡಿ, ಹೈಡಾಟಿಡ್ (ಲಾಡಿಹುಳುವಿನ ಮರಿಯ ಗುಳ್ಳೆ) ಇರಬಹುದು. ಕುರು ಅಂತಾದರೂ ಪೆನ್ಸಿಲಿನ್ ವಾರಗಟ್ಟಲೆ ಬೇಕಾದೀತು, ಗುಣ ಆಗಿಯೇ ಆಗ್ತದೆ ಅಂತಿಲ್ಲ. ಅಷ್ಟೂ ದಿನ, ಆಮೇಲೆ ಡಾಕ್ಟರು ಹೇಳಿದಷ್ಟು ದಿನವೂ ಹಾಲು ಸೊಸೈಟಿಗೆ ಹಾಕಬಾರದು.

ಮಳೆಗಾಲ ಬಂತೆಂದು ಹಲಸಿನ ಹಣ್ಣನ್ನು ಬುಟ್ಟಿಗಟ್ಟಲೆ ಸುರಿಯುವುದು, ಅನ್ನಗಂಜಿ ಕುಡಿಸುವುದು ನಿಲ್ಲಿಸಿ. ಹೊಟ್ಟೆ ಹುಳಿಯಾಗಿ ಗೋಡೆ ಹುಣ್ಣಾದರೆ ಬ್ಯಾಕ್ಟೀರಿಯಾ ರಕ್ತದಲ್ಲಿ ಸೀದಾ ಲಿವರಿಗೆ ಹೋಗ್ತದೆ. ಹಿಂಡಿಗಿಂತ ಮೊದಲು ಬೈಹುಲ್ಲು ಹಾಕಿ.