ಒಂದೇ ಆಸ್ಪತ್ರೆ, ಎರಡು ಹೆರಿಗೆ ವಾರ್ಡು: ವಿಯೆನ್ನಾದಲ್ಲಿ ಬಾಣಂತಿಯರು ಸತ್ತದ್ದೇಕೆ?

ಪ್ರಶ್ನೆ: ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಕೈ ತೊಳೆಸಿ ಬಾಣಂತಿಯರ ಸಾವು ತಗ್ಗಿಸಿದರೆಂದು ಪಾಠದಲ್ಲಿ ಓದಿದೆ. ಆದರೆ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲೇ ಸಾವು ಹೆಚ್ಚಿದ್ದದ್ದೇಕೆ? ಆಗಲೂ ಸೋಪು ಇತ್ತಲ್ಲ, ಅದು ಸಾಲಲಿಲ್ಲವೇ?
– ನರ್ಸಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ತಪ್ಪು ಇದ್ದದ್ದು ಆ ವಿದ್ಯಾರ್ಥಿಗಳಿಗೆ ಹೆರಿಗೆ ಕಲಿಸುತ್ತಿದ್ದ ಕ್ರಮದಲ್ಲೇ. ವಿಯೆನ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೆರಿಗೆ ಕಲಿಯುತ್ತಿದ್ದದ್ದು ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ. 1784ರಿಂದ 1822ರವರೆಗೆ ಅಲ್ಲಿ 71,395 ಹೆರಿಗೆಗಳಾದವು, 897 ತಾಯಂದಿರು ತೀರಿಕೊಂಡರು. ಅಂದರೆ ನೂರಕ್ಕೆ ಒಂದೂಕಾಲು. ಆ ಅವಧಿಯ ಬಹುಪಾಲು ಪ್ರಾಧ್ಯಾಪಕರಾಗಿದ್ದ ಬೋಯರ್, ಮಗು ತಿರುಗುವ ಬಗೆಯನ್ನು ಗೊಂಬೆಯ ಮೇಲೆ ಕಲಿಸುತ್ತಿದ್ದರು. ಅವರ ನಂತರ ಬಂದ ಕ್ಲೈನ್ ಅದೇ ಪಾಠಕ್ಕೆ ಹೆಣಗಳನ್ನು ಬಳಸತೊಡಗಿದರು. 1823ರಲ್ಲಿ ಸಾವು ನೂರಕ್ಕೆ ಏಳನ್ನು ದಾಟಿತು.

ಮೊದಲು ಎರಡೂ ವಾರ್ಡುಗಳಲ್ಲಿ ವಿದ್ಯಾರ್ಥಿಗಳೂ ಸೂಲಗಿತ್ತಿಯರೂ ಬೆರೆತು ಕಲಿಯುತ್ತಿದ್ದರು. 1840ರಲ್ಲಿ ಒಂದನೆಯದನ್ನು ವಿದ್ಯಾರ್ಥಿಗಳಿಗೆ, ಎರಡನೆಯದನ್ನು ಸೂಲಗಿತ್ತಿಯರಿಗೆ ಹಂಚಿಕೊಟ್ಟರು. ಅಲ್ಲಿಂದಾಚೆಗೆ ಎರಡರ ಲೆಕ್ಕ ಬೇರೆಬೇರೆಯಾಯಿತು. 1846ರಲ್ಲಿ ಒಂದನೆಯದರಲ್ಲಿ ನೂರಕ್ಕೆ 11.4 ತಾಯಂದಿರು ಸತ್ತರೆ, ಎರಡನೆಯದರಲ್ಲಿ 2.8. ಯಾವ ದಿನ ಯಾವ ವಾರ್ಡಿಗೆ ಸೇರಿಸಿಕೊಳ್ಳುತ್ತಾರೆಂದು ಊರಿಗೇ ಗೊತ್ತಿತ್ತು. ಒಂದನೆಯದಕ್ಕೆ ಬೇಡವೆಂದು ಗರ್ಭಿಣಿಯರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು.

ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ವಾರ್ಡಿಗೆ ಬರುತ್ತಿದ್ದರು. ನೋವು ತಿನ್ನುತ್ತಿದ್ದ ಒಬ್ಬೊಬ್ಬ ಹೆಂಗಸಿಗೂ ಹಲವರು ಒಬ್ಬರಾದ ಮೇಲೊಬ್ಬರು ಒಳಪರೀಕ್ಷೆ ಮಾಡುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಪಾಠವೇ ಇರಲಿಲ್ಲ. ಗರ್ಭಕಂಠ ತೆರೆಯಲು ಹೆಚ್ಚು ಹೊತ್ತು ಹಿಡಿದವರಿಗೆ ಒಳಪರೀಕ್ಷೆಗಳೂ ಹೆಚ್ಚು, ನಂಜೂ ಹೆಚ್ಚು. ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತವರನ್ನು ಯಾರೂ ಪರೀಕ್ಷಿಸಿರಲಿಲ್ಲ, ಅವರು ಅಷ್ಟಾಗಿ ಸಾಯುತ್ತಲೂ ಇರಲಿಲ್ಲ.

1847ರ ಮಾರ್ಚಿನಲ್ಲಿ ಪ್ರಾಧ್ಯಾಪಕ ಕೊಲೆಚ್ಕಾ, ಶವಪರೀಕ್ಷೆ ವೇಳೆ ವಿದ್ಯಾರ್ಥಿಯ ಚಾಕು ಬೆರಳಿಗೆ ತಗುಲಿ ನಂಜೇರಿ ತೀರಿಕೊಂಡರು. ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದ ಗುರುತುಗಳೇ ಅವರ ದೇಹದಲ್ಲೂ ಕಂಡವು. ಸೆಮ್ಮೆಲ್‌ವೈಸ್‌ಗೆ ಎಳೆ ಸಿಕ್ಕಿದ್ದು ಅಲ್ಲಿ.

ಸೋಪಿನ ವಿಷಯ. ಎಷ್ಟು ಉಜ್ಜಿದರೂ ಹೆಣದ ವಾಸನೆ ಕೈಯಲ್ಲಿ ಉಳಿಯುತ್ತಿತ್ತು. ವಾಸನೆ ಹೋಗಿಲ್ಲವೆಂದರೆ ಅಂಟಿದ ಕಣವೂ ಹೋಗಿಲ್ಲ ಎಂಬುದು ಅವರ ತರ್ಕ. ರೋಗಾಣುಗಳ ಸಿದ್ಧಾಂತ ಆಗಿನ್ನೂ ಬಂದಿರಲಿಲ್ಲ. ಮೇ ನಡುವಿನಲ್ಲಿ ಕೈ ತೊಳೆಯಲು ಕ್ಲೋರಿನ್ ನೀರು ಇರಿಸಿದರು; ಅದು ದುಬಾರಿಯಾದ್ದರಿಂದ ಆಮೇಲೆ ಕ್ಲೋರಿನ್ ಸುಣ್ಣ, ನಾವು ಬ್ಲೀಚಿಂಗ್ ಪೌಡರ್ ಎನ್ನುವುದು, ಬಂತು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಇದರ ಮುಂದಿನದು. ನನ್ನ ಮಟ್ಟಿಗೆ ಅದೇ ಮುಖ್ಯ. ಮೊದಲಿನ ನಿಯಮದಂತೆ ವಾರ್ಡಿಗೆ ಬರುವಾಗ ಮಾತ್ರ ಕ್ಲೋರಿನ್. ಒಬ್ಬರಿಂದ ಇನ್ನೊಬ್ಬರ ಹಾಸಿಗೆಗೆ ಹೋಗುವಾಗ ಬರೀ ಸೋಪು. ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸ್ರವಿಸುತ್ತಿದ್ದ ಹೆಂಗಸಿಗೆ ಸಾಲಿನ ಮೊದಲ ಹಾಸಿಗೆ ಸಿಕ್ಕಿತು. ತಪಾಸಣೆ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಆಗ ಹೆರಿಗೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಹೆಣದಿಂದಷ್ಟೇ ಅಲ್ಲ, ಬದುಕಿರುವವರಿಂದಲೂ ದಾಟುತ್ತದೆಂದು ಆಗ ತಿಳಿಯಿತು. ಪ್ರತಿ ಪರೀಕ್ಷೆಯ ನಡುವೆಯೂ ಕ್ಲೋರಿನ್ ಕಡ್ಡಾಯವಾಯಿತು. 1848ರಲ್ಲಿ ಮೊದಲ ವಾರ್ಡಿನ 3,556 ಹೆರಿಗೆಗಳಲ್ಲಿ 45 ಸಾವು. ಎರಡೂ ವಾರ್ಡುಗಳು ಹೆಚ್ಚುಕಡಿಮೆ ಸಮಕ್ಕೆ ಬಂದವು.

ಈಗ ನಿಮ್ಮ ವಾರ್ಡಿಗೆ ಬರೋಣ. ಬ್ಲೀಚಿಂಗ್ ದ್ರಾವಣ ಕೈಗಲ್ಲ, ಚರ್ಮ ಸುಟ್ಟು ಬಿರುಕು ಬಿಡುತ್ತದೆ. ಬಳೆ, ಉಂಗುರ ತೆಗೆದು ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದರೆ ಆಲ್ಕೋಹಾಲ್ ರಬ್‌ನಲ್ಲಿ 20ರಿಂದ 30 ಸೆಕೆಂಡು. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿಗಳೇ ತಪ್ಪಿಹೋಗುವ ಜಾಗಗಳು. ಗ್ಲೌಸ್ ಹಾಕುವ ಮುಂಚೆಯೂ ತೆಗೆದ ಮೇಲೂ ಕೈ ತೊಳೆಯಬೇಕು. ಹೆರಿಗೆ ನೋವು ಚುರುಕಾದ ಮೇಲೆ ಒಳಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಂತರ ನಾಲ್ಕು ಗಂಟೆ. ಒಬ್ಬಳನ್ನೇ ಹಲವರು ಪರೀಕ್ಷಿಸಬಾರದೆಂದೂ ಅದು ಹೇಳುತ್ತದೆ. ಕಲಿಕೆಯ ಆಸ್ಪತ್ರೆಯಾದರೆ, ತಾಯಿಯ ಒಪ್ಪಿಗೆ ಪಡೆದು, ಆ ಹೊತ್ತಿನ ಪರೀಕ್ಷೆಗೆ ಹಿರಿಯರ ಜೊತೆ ಒಬ್ಬ ವಿದ್ಯಾರ್ಥಿನಿ ಸಾಕು. ಉಳಿದವರು ಬೋಯರ್ ಕಾಲದವರಂತೆ ಗೊಂಬೆಯ ಮೇಲೆ ಕಲಿಯಲಿ.