ಮನೆಯ ಪಾರ್ಲರಿಗೆ ಬಂದವರು ಮತ್ತೆ ಬರಬೇಕಾದರೆ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವಳು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಒಂಬತ್ತು ವರ್ಷಗಳಾದವು. ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಎರಡು ವರ್ಷ ಬೇರೆಯವರ ಪಾರ್ಲರಿನಲ್ಲಿ ದುಡಿದು, ಎಂಟು ತಿಂಗಳ ಹಿಂದೆ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಹೆಂಗಸರಿಗಾಗಿ ಪಾರ್ಲರ್ ಆರಂಭಿಸಿದೆ. ಅರ್ಧ ದರದ ಕೊಡುಗೆ ಇಟ್ಟು ಸಾವಿರ ಕರಪತ್ರ ಹಂಚಿದಾಗ ತುಂಬ ಜನ ಬಂದರು. ಕೊಡುಗೆ ಮುಗಿದ ಮೇಲೆ ಬರುವುದು ನಿಂತಿತು. ಈಗ ದಿನಕ್ಕೆ ಒಬ್ಬರು ಬಂದರೆ ಹೆಚ್ಚು. ಐಬ್ರೋಗೆ ಹತ್ತಿರದ ಪಾರ್ಲರಿನವರು 60 ರೂಪಾಯಿ ತೆಗೆದುಕೊಂಡರೆ ನಾನು 30 ತೆಗೆದುಕೊಳ್ಳುತ್ತೇನೆ. ಇನ್ನೂ ಇಳಿಸಬೇಕೇ? ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತಿಗೆ ಹಣ ಹಾಕಬೇಕೇ? (ಹೆಸರು ಬೇಡ, ಡೊಂಬಿವಲಿ ಪೂರ್ವ)

ಉತ್ತರ: ದರ ಇಳಿಸುವುದು ಬೇಡ, ಜಾಹೀರಾತಿಗೂ ಸದ್ಯ ಹಣ ಹಾಕಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕರಪತ್ರ ಹಂಚಿದ್ದು, ಜನ ಬಂದದ್ದು, ಆಮೇಲೆ ನಿಂತದ್ದು ಎಲ್ಲವೂ ಅದರಲ್ಲಿದೆ. ಬಂದವರು ಯಾರು, ಯಾರಿಗೆ ಯಾವ ಕೆಲಸ ಮಾಡಿದಿರಿ, ಆಮೇಲೆ ಅವರನ್ನು ಮಾತನಾಡಿಸಿದಿರಾ ಎಂಬುದು ಮಾತ್ರ ಇಲ್ಲ. ಬಹುಶಃ ನೀವು ಅದನ್ನು ಬರೆದಿಟ್ಟಿಲ್ಲ. ಅಲ್ಲಿಂದಲೇ ಆರಂಭಿಸಿ.

ನಮ್ಮ ವೃತ್ತಿಗೆ ಇರುವ ಒಂದು ಅನುಕೂಲ ಸೀರೆ ಅಂಗಡಿಯವರಿಗಿಲ್ಲ. ಗ್ರಾಹಕಿ ಮತ್ತೆ ಯಾವಾಗ ಬರಬೇಕಾಗುತ್ತದೆ ಎಂಬುದನ್ನು ಕೂದಲೇ ಹೇಳುತ್ತದೆ. ಹುಬ್ಬಿನ ಆಕಾರ ಮೂರು ವಾರಗಳಲ್ಲಿ ಕೆಡತೊಡಗುತ್ತದೆ. ವ್ಯಾಕ್ಸಿಂಗ್ ಮಾಡಿದ ಕೈಕಾಲುಗಳಲ್ಲಿ ಮೂರರಿಂದ ನಾಲ್ಕು ವಾರಗಳಲ್ಲಿ ಕೂದಲು ಮತ್ತೆ ಹಿಡಿತಕ್ಕೆ ಸಿಗುವಷ್ಟು ಬೆಳೆಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬಣ್ಣ ಹಾಕಿಸಿಕೊಂಡವರ ಬೈತಲೆಯಲ್ಲಿ ನಾಲ್ಕೈದು ವಾರಗಳೊಳಗೆ ಬಿಳಿ ಗೆರೆ ಕಾಣಿಸುತ್ತದೆ. ಹೀಗೆ ಒಬ್ಬೊಬ್ಬರಿಗೂ ಒಂದು ದಿನ ತಾನಾಗಿ ನಿಗದಿಯಾಗಿರುತ್ತದೆ. ಆ ದಿನಕ್ಕೆ ಎರಡು ದಿನ ಮೊದಲು ನಿಮ್ಮ ಸಂದೇಶ ತಲುಪಿದರೆ ಆಕೆಗೆ ನೆನಪಾಗುವುದು ನೀವು. ಎರಡು ದಿನ ತಡವಾದರೆ ಸ್ಟೇಷನ್ನಿನ ದಾರಿಯಲ್ಲಿ ಕಣ್ಣಿಗೆ ಬಿದ್ದ ಪಾರ್ಲರಿಗೆ ಹೋಗಿಬಿಡುತ್ತಾಳೆ.

ಆದ್ದರಿಂದ ಒಂದು ಉದ್ದನೆಯ ರಿಜಿಸ್ಟರ್ ಕೊಂಡುಕೊಳ್ಳಿ. ಹೆಸರು, ಕಟ್ಟಡ, ಫೋನ್ ನಂಬರ್, ಮಾಡಿದ ಕೆಲಸ, ಬಳಸಿದ ಸಾಮಗ್ರಿ, ಬಣ್ಣವಾದರೆ ಅದರ ಶೇಡ್ ನಂಬರ್, ಚರ್ಮಕ್ಕೆ ಆಗದ ವಸ್ತು, ಮುಂದಿನ ದಿನಾಂಕ, ಇಷ್ಟನ್ನು ಆಕೆ ಚಪ್ಪಲಿ ಮೆಟ್ಟುವ ಮೊದಲೇ ಬರೆಯಿರಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಲುಂಡಿನಲ್ಲಿ ನಾನು ಪಾರ್ಲರ್ ನಡೆಸುತ್ತಿದ್ದ ಮೊದಲ ವರ್ಷ ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳಬಲ್ಲೆ ಎಂದುಕೊಂಡಿದ್ದೆ. ಬ್ಲೀಚ್ ಹಚ್ಚಿದರೆ ಮುಖ ಉರಿಯುತ್ತದೆ ಎಂದು ಹಿಂದಿನ ಸಲವೇ ಹೇಳಿದ್ದ ಗ್ರಾಹಕಿಗೆ ಮರೆತು ಮತ್ತೆ ಬ್ಲೀಚ್ ಹಚ್ಚಿದೆ. ಆಕೆ ಜಗಳವಾಡಲಿಲ್ಲ, ಮತ್ತೆ ಬರಲೂ ಇಲ್ಲ. ಆಕೆಯ ಜೊತೆಗೆ ಅದೇ ಮಹಡಿಯ ಇನ್ನೆರಡು ಮನೆಯವರೂ ಬರುವುದನ್ನು ಬಿಟ್ಟರು. ಆ ಮುಖದ ಕೆಂಪು ನನಗೆ ಇಂದಿಗೂ ಕಣ್ಣಮುಂದಿದೆ.

ನಿಮಗೆ ಎಷ್ಟು ಗ್ರಾಹಕಿಯರು ಬೇಕು ಎಂಬುದನ್ನೂ ಲೆಕ್ಕ ಹಾಕಿ. ಅರುವತ್ತು ಹೆಂಗಸರು ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬಂದರೆ ವಾರಕ್ಕೆ ಹದಿನೈದು ಮಂದಿಯಾಗುತ್ತಾರೆ. ವಾರಕ್ಕೆ ಆರು ದಿನ ಕೆಲಸ ಮಾಡಿದರೆ ದಿನಕ್ಕೆ ಇಬ್ಬರು ಮೂವರು. ಅಡುಗೆ, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಂಡು ಒಬ್ಬಳೇ ದುಡಿಯುವ ಹೆಣ್ಣುಮಗಳಿಗೆ ಇದು ಒಳ್ಳೆಯ ಆರಂಭ, ಇದರ ಎರಡರಷ್ಟಾದರೆ ಕೈ ತುಂಬುತ್ತದೆ. ಅರುವತ್ತು ಹೆಂಗಸರು ನಿಮ್ಮ ಕಟ್ಟಡದಲ್ಲಿ ಮತ್ತು ಅಕ್ಕಪಕ್ಕದ ನಾಲ್ಕೈದು ಕಟ್ಟಡಗಳಲ್ಲಿ ಇದ್ದೇ ಇದ್ದಾರೆ. ಹತ್ತು ನಿಮಿಷ ನಡೆದು ಬರಬಹುದಾದವರೇ ನಿಮ್ಮ ಊರು. ಕಲ್ಯಾಣದಲ್ಲೋ ಥಾಣೆಯಲ್ಲೋ ಇರುವವರು ಇನ್‌ಸ್ಟಾಗ್ರಾಮಿನಲ್ಲಿ ನಿಮ್ಮ ಚಿತ್ರ ಮೆಚ್ಚಿಕೊಂಡರೂ ಐಬ್ರೋ ಮಾಡಿಸಲು ಲೋಕಲ್ ರೈಲು ಹತ್ತಿ ಬರುವುದಿಲ್ಲ.

ಈಗ ಸಮಯದ ಮಾತು. ನೀವು ಕೋಣೆಯನ್ನು ಎಷ್ಟು ಗಂಟೆಗೆ ತೆರೆಯುತ್ತೀರಿ ಎಂದು ಬರೆದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಂದಾದರೆ, ಡೊಂಬಿವಲಿಯಲ್ಲಿ ಕೈಯಲ್ಲಿ ಸ್ವಂತ ಸಂಬಳವಿರುವ ಹೆಂಗಸರನ್ನೆಲ್ಲ ನೀವೇ ಹೊರಗಿಟ್ಟಂತೆ. ಅವರು ಬೆಳಗಿನ ಗಾಡಿ ಹಿಡಿದು ಹೋದರೆ ಮನೆ ಮುಟ್ಟುವುದು ರಾತ್ರಿ ಎಂಟರ ಹೊತ್ತಿಗೆ. ವಾರದಲ್ಲಿ ಎರಡು ದಿನ ರಾತ್ರಿ ಏಳೂವರೆಯಿಂದ ಒಂಬತ್ತೂವರೆಯವರೆಗೆ ಮತ್ತು ಭಾನುವಾರ ಬೆಳಿಗ್ಗೆ ಮುಂಚಿತವಾಗಿ ಹೇಳಿ ಬರುವವರಿಗಾಗಿ ಸಮಯ ಇಡಿ. ಬದಲಿಗೆ ಸೋಮವಾರ ರಜೆ ಮಾಡಿ. ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನವೂ ಜೊತೆಯಾಗಿ ಪ್ರಯಾಣಿಸುವ ಒಬ್ಬಳ ಹುಬ್ಬು ಚೆನ್ನಾಗಿ ಕಂಡರೆ ‘ಎಲ್ಲಿ ಮಾಡಿಸಿದೆ’ ಎಂದು ಉಳಿದವರು ಕೇಳದೆ ಬಿಡುವುದಿಲ್ಲ, ಅವರಲ್ಲಿ ಹಲವರು ನಿಮ್ಮ ಸ್ಟೇಷನ್ನಿನಲ್ಲೇ ಇಳಿಯುವವರು. ಇದಕ್ಕಿಂತ ದೊಡ್ಡ ಜಾಹೀರಾತು ನನಗೆ ಗೊತ್ತಿಲ್ಲ.

ದರದ ವಿಷಯದಲ್ಲಿ ನೀವು ಮಾಡಿರುವುದು ನಿಮಗೇ ನಷ್ಟ. ಅಂಗಡಿಯವರಿಗೆ ಬಾಡಿಗೆಯಿದೆ, ಕೆಲಸದವರ ಸಂಬಳವಿದೆ. ನಿಮಗಿಲ್ಲವಾದ್ದರಿಂದ 50 ರೂಪಾಯಿ ಇಟ್ಟರೆ ನ್ಯಾಯ. ಅರ್ಧಕ್ಕರ್ಧ ಇಳಿಸಿದಾಗ, ಇವಳು ವ್ಯಾಕ್ಸಿನ ಪಟ್ಟಿಗಳನ್ನು ತೊಳೆದು ಮತ್ತೆ ಬಳಸುತ್ತಾಳೋ ಏನೋ ಎಂಬ ಅನುಮಾನ ಹುಟ್ಟುತ್ತದೆ. ಅರ್ಧ ದರಕ್ಕೆಂದು ಬಂದವರು ಮುಂದೆ ಇನ್ನೊಬ್ಬರ ಅರ್ಧ ದರಕ್ಕೆ ಹೋಗುತ್ತಾರೆ. ಮುಂದಿನ ತಿಂಗಳ ಮೊದಲ ತಾರೀಖಿನಿಂದ ಹೊಸ ದರವೆಂದು ಬರೆದು ಗೋಡೆಗೆ ಹಚ್ಚಿ. ಬಾಯಲ್ಲಿ ಸಮಜಾಯಿಷಿ ಹೇಳುತ್ತ ಕೂರಬೇಡಿ. ಕಡಿಮೆ ಮಾಡಲೇಬೇಕೆನಿಸಿದರೆ, ಹೊಸಬರನ್ನು ಕರೆತಂದ ಹಳೆಯ ಗ್ರಾಹಕಿಗೆ ಒಂದು ಐಬ್ರೋ ಉಚಿತವಾಗಿ ಮಾಡಿ.

ಶುಚಿತ್ವ ಇದ್ದರೆ ಸಾಲದು, ಅದು ಗ್ರಾಹಕಿಯ ಕಣ್ಣಿಗೆ ಕಾಣಬೇಕು. ಐಬ್ರೋ ಮಾಡುವಾಗ ಪ್ರತಿಯೊಬ್ಬರಿಗೂ ಹೊಸ ದಾರವನ್ನು ಅವರ ಎದುರಿಗೇ ಕತ್ತರಿಸಿ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸವಿದ್ದರೆ ಕುತ್ತಿಗೆಗೆ ಕಟ್ಟಿಕೊಂಡು ಮಾಡುವುದನ್ನು ಕಲಿಯಿರಿ. ಒಮ್ಮೆ ಚರ್ಮಕ್ಕೆ ತಾಗಿದ ವ್ಯಾಕ್ಸಿನ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಬೇಡಿ. ಚಿಮಟ, ಕತ್ತರಿಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, 70 ಶೇಕಡಾ ಆಲ್ಕೋಹಾಲಿನಿಂದ ಶುದ್ಧಮಾಡಿ. ನೀಲಿ ದೀಪದ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಎಲ್ಲವೂ ಶುದ್ಧವಾಯಿತು ಎಂದು ನಂಬಬೇಡಿ, ತೊಳೆಯದ ಉಪಕರಣದ ಕೊಳೆಯನ್ನು ಆ ಬೆಳಕು ದಾಟುವುದಿಲ್ಲ.

ಸಂದೇಶ ಕಳುಹಿಸಲು ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ್ದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ನಂಬರ್ ಸೇವ್ ಮಾಡಿಸಿ. ಆದರೆ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವುದಕ್ಕಿಂತ ಒಬ್ಬೊಬ್ಬರಿಗೆ ಅವರ ಹೆಸರು ಹಿಡಿದು, ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಬರೆಯುವುದು ಬೇರೆಯೇ ಫಲ ಕೊಡುತ್ತದೆ. ನಿಮ್ಮ ಕಟ್ಟಡದ ನಿವಾಸಿಗಳ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಚಿತ್ರ ಹಾಕಬೇಡಿ. ಯಾರದೇ ಮುಖದ ಚಿತ್ರವನ್ನು ಕೇಳದೆ ಎಲ್ಲಿಯೂ ಹಾಕಬೇಡಿ.

ಹಬ್ಬಗಳ ಪಂಚಾಂಗವನ್ನೂ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಯಲ್ಲೂ ಹಳದಿ-ಕುಂಕುಮ. ಆ ದಿನಗಳಲ್ಲಿ ನೀವೂ ಒಂದು ಸಂಜೆ ನಿಮ್ಮ ಮನೆಗೆ ಕಟ್ಟಡದ ಹೆಂಗಸರನ್ನು ಕರೆಯಿರಿ. ಎಳ್ಳುಬೆಲ್ಲದ ಜೊತೆಗೆ ನಿಮ್ಮ ಚೊಕ್ಕ ಕೋಣೆಯನ್ನೂ ಅವರು ನೋಡಿ ಹೋಗುತ್ತಾರೆ. ಶ್ರಾವಣದ ಮಂಗಳಾಗೌರಿ, ಗಣೇಶೋತ್ಸವ, ನವರಾತ್ರಿಗಳಿಗೆ ಒಂದು ವಾರ ಮೊದಲೇ ಸಮಯ ಕಾದಿರಿಸಲು ಹೇಳಿ. ಪಿತೃಪಕ್ಷದಲ್ಲಿ ಯಾರೂ ಬರಲಿಲ್ಲವೆಂದು ಎದೆಗೆಡಬೇಡಿ, ಊರಿಗೆ ಹೋಗಿಬರಲು ಅದೇ ಸರಿಯಾದ ಕಾಲ. ತುಳಸಿ ವಿವಾಹ ಮುಗಿದರೆ ಮದುವೆಗಳು. ಇಲ್ಲಿ ನಿಮಗೆ ಎರಡು ನಾಡಿನ ಬಲವಿದೆ. ಮರಾಠಿ ಮದುಮಗಳ ಒಂಬತ್ತು ಗಜದ ನವವಾರಿ ಸೀರೆ, ಖೋಪಾ ಎಂಬ ತುರುಬು, ಹಣೆಗೆ ಕಟ್ಟುವ ಮುಂಡಾವಳಿ ಗೊತ್ತಿದ್ದು, ಕನ್ನಡದ ಮದುಮಗಳಿಗೆ ಮೊಗ್ಗಿನ ಜಡೆ ಹೆಣೆದು ಬಾಸಿಂಗವನ್ನೂ ಸರಿಯಾಗಿ ಕಟ್ಟಬಲ್ಲವರು ಹೆಚ್ಚಿಲ್ಲ. ಮುಂಬಯಿಯ ಮಾಟುಂಗದ ಹೂವಿನವರ ಪರಿಚಯ ಮಾಡಿಕೊಳ್ಳಿ. ನಿಮ್ಮ ಬೀದಿಯ ಬ್ಲೌಸ್ ಹೊಲಿಯುವವರ ಹತ್ತಿರ, ಮೆಹಂದಿ ಹಾಕುವವರ ಹತ್ತಿರ ನಂಬರ್ ಕೊಟ್ಟಿಡಿ, ನಿಮ್ಮ ಗ್ರಾಹಕಿಯರನ್ನು ಅವರಲ್ಲಿಗೂ ಕಳುಹಿಸಿ. ಸ್ಥಳೀಯ ಕನ್ನಡ ಸಂಘದ ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಕುಳಿತು ಹತ್ತು ಹುಡುಗಿಯರಿಗೆ ಸೀರೆ ಉಡಿಸಿಕೊಟ್ಟರೆ ಹತ್ತು ತಾಯಂದಿರು ನಿಮ್ಮ ಕೈಚಳಕವನ್ನು ಕಣ್ಣಾರೆ ನೋಡಿರುತ್ತಾರೆ.

ಪ್ರಶ್ನೆ: ಬರುವವರಲ್ಲಿ ಹೆಚ್ಚಿನವರು ನೆಂಟರು, ಸಂಘದ ಪರಿಚಯದವರು. ಕೆಲವರು ‘ಆಮೇಲೆ ಕೊಡುತ್ತೇನೆ’ ಎನ್ನುತ್ತಾರೆ, ಅತ್ತೆಯ ಕಡೆಯವರು ಹಣದ ಮಾತೇ ಎತ್ತುವುದಿಲ್ಲ. ಹೇಗೆ ಕೇಳಲಿ? (ಓದುಗರು, ಥಾಣೆ)

ಉತ್ತರ: ಕೆಲಸ ಆರಂಭಿಸುವ ಮೊದಲೇ ಮೊತ್ತ ಹೇಳಿಬಿಡಿ, ಮುಗಿದ ಮೇಲೆ ಕೇಳುವುದು ಕಷ್ಟ. ಯುಪಿಐ ಕ್ಯೂಆರ್ ಫಲಕವನ್ನು ಕನ್ನಡಿಯ ಪಕ್ಕದಲ್ಲಿಟ್ಟರೆ ಅರ್ಧ ಮುಜುಗರ ತಪ್ಪುತ್ತದೆ. ಅತ್ತೆ, ನಾದಿನಿ, ಓರಗಿತ್ತಿ ಈ ಮೂವರಿಗೆ ಉಚಿತವೆಂದು ನೀವೇ ತೀರ್ಮಾನಿಸಿ, ಅದನ್ನು ಪ್ರೀತಿಯಿಂದ ಮಾಡಿ. ಉಳಿದ ನೆಂಟರಿಗೆ ಎಲ್ಲರ ದರವೇ ಇರಲಿ. ಸಾಲದ ಪುಸ್ತಕ ಇಡಲೇಬೇಡಿ. ಬಾಕಿ ಉಳಿಸಿಕೊಂಡವರು ಕೊಡಬೇಕಾದೀತೆಂಬ ಸಂಕೋಚದಿಂದಲೇ ಬರುವುದನ್ನು ನಿಲ್ಲಿಸುತ್ತಾರೆ. ಹಣವೂ ಹೋಗುತ್ತದೆ, ಗ್ರಾಹಕಿಯೂ ಹೋಗುತ್ತಾಳೆ.

ಪ್ರಶ್ನೆ: ಗ್ರಾಹಕಿಯರು ಹೆಚ್ಚಾದಂತೆ ಸೊಸೈಟಿಯವರ ತಕರಾರು ಆರಂಭವಾಗಿದೆ. ನನಗೆ ಲೈಸೆನ್ಸ್ ಬೇಕೇ? (ಓದುಗರು, ಮೀರಾ ರೋಡ್)

ಉತ್ತರ: ಇವು ಎರಡು ಬೇರೆ ವಿಷಯಗಳು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯಿದೆಯ ಪ್ರಕಾರ ಕೆಲವೇ ಕೆಲಸಗಾರರಿರುವ ಸಣ್ಣ ಸಂಸ್ಥೆಯವರು ನೋಂದಣಿ ಮಾಡಿಸಬೇಕಿಲ್ಲ, ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಿದರೆ ಸಾಕು. ಸಣ್ಣ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಯನ್ನು ಆಧಾರ್ ಬಳಸಿ ನೀವೇ ಮಾಡಿಕೊಳ್ಳಬಹುದು. ಅದು ಸಂಪೂರ್ಣ ಉಚಿತ, ಹಣ ಕೇಳುವ ದಲ್ಲಾಳಿಗಳಿಗೆ ಕೊಡಬೇಡಿ. ನಗರಪಾಲಿಕೆಯ ಪರವಾನಗಿಯ ಬಗ್ಗೆ ನಿಮ್ಮ ಪ್ರಭಾಗ (ವಾರ್ಡ್) ಕಚೇರಿಯಲ್ಲಿ ವಿಚಾರಿಸಿ. ಆದರೆ ಈ ಯಾವ ಕಾಗದವೂ ಸೊಸೈಟಿಯ ಒಪ್ಪಿಗೆಗೆ ಬದಲಾಗುವುದಿಲ್ಲ. ಉಪನಿಯಮಗಳ ಪ್ರತಿಯನ್ನು ಕೇಳಿ ಪಡೆದು ಓದಿ, ಕಾರ್ಯದರ್ಶಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಹೆಂಗಸರು ಮಾತ್ರ, ಒಂದು ಹೊತ್ತಿಗೆ ಒಬ್ಬರು, ಮೆಟ್ಟಿಲ ಬಳಿ ಫಲಕವಿಲ್ಲ, ಹೊರಗೆ ಕುರ್ಚಿಯಿಲ್ಲ ಎಂದು ಪತ್ರದಲ್ಲೇ ಬರೆಯಿರಿ. ಬಚ್ಚಲಿನ ಜಾಲರಿಯಲ್ಲಿ ಕೂದಲು ಕಟ್ಟದಂತೆ ನೋಡಿಕೊಳ್ಳಿ. ನಾನು ಕಂಡಂತೆ, ಹೆಚ್ಚಿನ ತಕರಾರುಗಳು ಕೆಳಗಿನ ಮನೆಯ ನೀರು ಕಟ್ಟಿಕೊಂಡಾಗಲೇ ಆರಂಭವಾಗುತ್ತವೆ.

ಪ್ರಶ್ನೆ: ಕೂದಲು ನೇರವಾಗಿಸುವ ಕೆರಾಟಿನ್, ಸ್ಟ್ರೇಟನಿಂಗ್ ಆರಂಭಿಸಿದರೆ ಹೊಸ ಗ್ರಾಹಕಿಯರು ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಆರಂಭಿಸಲೇ? (ಓದುಗರು, ನೆರೂಲ್)

ಉತ್ತರ: ಮಲಗುವ ಕೋಣೆಯಲ್ಲಿ ಪಾರ್ಲರ್ ನಡೆಸುವವರು ಇದನ್ನು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೂದಲು ನೇರವಾಗಿಸುವ ಹಲವು ದ್ರಾವಣಗಳನ್ನು ಬಿಸಿ ಐರನ್ನಿನಿಂದ ಒತ್ತಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಕಣ್ಣು, ಗಂಟಲು ಉರಿಯುವುದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಗ್ರಾಹಕಿ ಆರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಅದನ್ನು ಉಸಿರಾಡಿದರೆ, ನೀವೂ ನಿಮ್ಮ ಮಕ್ಕಳೂ ಆ ಮನೆಯಲ್ಲೇ ಮಲಗುತ್ತೀರಿ.

ಅದರ ಬದಲು ಕೂದಲಿಗೆ ಬಣ್ಣ ಹಾಕುವುದನ್ನು ಚೆನ್ನಾಗಿ ಕಲಿಯಿರಿ, ಅದು ತಿಂಗಳು ತಿಂಗಳು ಬರುವವರ ಕೆಲಸ. ಅಲ್ಲಿಯೂ ಒಂದು ನಿಯಮವನ್ನು ಬಿಡಬೇಡಿ. ಬಹುತೇಕ ಕಾಯಂ ಬಣ್ಣಗಳಲ್ಲಿಯೂ ‘ಕಪ್ಪು ಮೆಹಂದಿ’ ಎಂದು ಮಾರುವ ಅನೇಕ ಪುಡಿಗಳಲ್ಲಿಯೂ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ವರ್ಷಗಳಿಂದ ಬಣ್ಣ ಹಾಕಿಸಿಕೊಳ್ಳುತ್ತಿದ್ದವರಿಗೂ ಅದು ಒಂದು ದಿನ ಇದ್ದಕ್ಕಿದ್ದಂತೆ ಒಗ್ಗದೆ ಮುಖ, ಕಣ್ಣು ಊದಿಕೊಳ್ಳಬಹುದು. 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ, ಪೊಟ್ಟಣದೊಳಗಿನ ಸೂಚನೆಯಂತೆ ನಡೆದು, ಫಲಿತವನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಮರುದಿನವೇ ಮದುವೆಗೆ ಹೋಗಬೇಕು, ಈಗಲೇ ಹಾಕಿ ಎಂದು ಒತ್ತಾಯಿಸುವವರು ಸಿಗುತ್ತಾರೆ; ಅವರಿಗೆ ಹಾಕಬೇಡಿ. ಹಚ್ಚಿ ನೋಡುವ ಆ ಮೊದಲ ಭೇಟಿಗೆ ಹಣ ತೆಗೆದುಕೊಳ್ಳಬೇಡಿ, ಎರಡನೆಯ ದಿನ ನೀವೇ ಫೋನ್ ಮಾಡಿ ತುರಿಕೆಯೋ ಉರಿಯೋ ಆಯಿತೇ ಎಂದು ವಿಚಾರಿಸಿ.